ಆ ಲೋಗೋ ಪರದೆ ಬೇಡವೆಂದರೆ
ಪತ್ರ, ಲೆಕ್ಕಪಟ್ಟಿ ಮಾಡುವ ಉಚಿತ ತಂತ್ರಾಂಶ ಲಿಬ್ರೆಆಫೀಸ್ ತೆರೆಯುವ ಮೊದಲು ಬರುವ ಲೋಗೋ ಬೇಡವೇ? ವಿಂಡೋಸ್‌ನಲ್ಲಿ ಅದರ ಡೆಸ್ಕ್‌ಟಾಪ್ ಶಾರ್ಟ್‌ಕಟ್‌ಗೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಟಾರ್ಗೆಟ್ ಸಾಲಿನ ಕೊನೆಗೆ ಒಂದು ಸ್ಪೇಸ್, ಎರಡು ಹೈಫನ್, ಅದಕ್ಕಂಟಿದಂತೆ ‘ನೋಲೋಗೋ’ (nologo) ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹಾಕಿ. ಎಡವುವುದು ಇಲ್ಲೇ: ವಿಳಾಸದ ಸುತ್ತ ಉದ್ಧರಣ ಚಿಹ್ನೆ ಇದ್ದರೆ ಇದು ಅದರ ಹೊರಗಿರಬೇಕು. ಒಳಗೆ ಸೇರಿಸಿದರೆ ಅದೂ ಫೈಲಿನ ಹೆಸರೇ ಎಂದುಕೊಂಡು ವಿಂಡೋಸ್ ಒಪ್ಪುವುದಿಲ್ಲ.

ಕಡತದ ಮೇಲೆಯೇ ಡಬಲ್ ಕ್ಲಿಕ್ ಮಾಡಿದರೆ ಮಾತ್ರ ಲೋಗೋ ಮತ್ತೆ ಬರುತ್ತದೆ, ಆ ದಾರಿ ಶಾರ್ಟ್‌ಕಟ್ ಮುಟ್ಟುವುದೇ ಇಲ್ಲ.

ಒಂದು ಮಾತು. ಆ ಚಿತ್ರ ‘ಕ್ಲಿಕ್ ತಲುಪಿದೆ, ತಾಳಿ’ ಎನ್ನುವ ಉತ್ತರವೂ ಹೌದು. ನಿಧಾನದ ಕಂಪ್ಯೂಟರ್‌ನಲ್ಲಿ ಅದು ಕಾಣದಿದ್ದರೆ ಮನೆಯ ಹಿರಿಯರು ಮತ್ತೆ ಮತ್ತೆ ಕ್ಲಿಕ್ ಮಾಡುತ್ತಾರೆ. ಅವರ ಕಂಪ್ಯೂಟರ್‌ನಲ್ಲಿ ಇರಲಿ ಬಿಡಿ.