ತೋಟಾ ಬಿಗಿಯಾದಾಗ, ಡೈ ತಿರುಗಿಸುವ ಮೊದಲು

ರೈಫಲ್ಲಿನ ಹಿಂಬದಿಯನ್ನು ಮುಚ್ಚುವ ಬೋಲ್ಟಿನ ಹಿಡಿ ಮುಕ್ಕಾಲು ದೂರ ಇಳಿದು ಅಲ್ಲಿಯೇ ನಿಂತಾಗ, ರೈಫಲ್ ತೋಟಾಗಳನ್ನು ತಾವೇ ಮರುತುಂಬುವ ಬಹುತೇಕರ ಕೈ ಮೊದಲು ಹೋಗುವುದು, ಹಾರಿಸಿದ ಕೇಸನ್ನು ಹಿಂಡಿ ಮತ್ತೆ ಅಳತೆಗೆ ತರುವ ಅಚ್ಚಾದ ಸೈಜಿಂಗ್ ಡೈಯ ಕಡೆಗೆ. ನನ್ನ ಕೈಯೂ ಹಾಗೆಯೇ ಹೋಗಿತ್ತು. .308 ವಿಂಚೆಸ್ಟರ್‌ಗೆಂದು ತುಂಬಿದ 50 ತೋಟಾಗಳಲ್ಲಿ 11, ನಳಿಗೆಯಲ್ಲಿ ತೋಟಾ ಕೂರುವ ಜಾಗವಾದ ಚೇಂಬರಿನಲ್ಲಿ ಬಿಗಿಯಾದವು. ಕೇಸಿನ (ತೋಟಾದ ಹಿತ್ತಾಳೆಯ ಕೋಶದ) ಭುಜ, ಅಂದರೆ ಮೈ ಕಿರಿದಾಗಿ ಕತ್ತಿಗೆ ಸೇರುವ ಇಳಿಜಾರು, ಸಾಕಷ್ಟು ಹಿಂದಕ್ಕೆ ಸರಿದಿಲ್ಲವೆಂದು ಯಾವ ಅಳತೆಯನ್ನೂ ತೆಗೆಯದೆ ತೀರ್ಮಾನಿಸಿ, ಡೈಯನ್ನು ಕಣ್ಣಳತೆಯಲ್ಲಿ ಅರೆಕಾಲು ಸುತ್ತು ಇಳಿಸಿ, ಮತ್ತೆ 50 ತೋಟಾಗಳನ್ನು ತಯಾರಿಸಿದೆ. ಅವುಗಳಲ್ಲಿಯೂ 6 ಬಿಗಿಯಾಗಿದ್ದವು.

ಅರೆಕಾಲು ಸುತ್ತು ಎಂದರೆ ಅಲ್ಪವೆಂದು ತೋರುತ್ತದೆ. ಆದರೆ ಸಾಮಾನ್ಯವಾಗಿ ಬಳಕೆಯಲ್ಲಿರುವ ಡೈಗಳ ಥ್ರೆಡ್ ಇಂಚಿಗೆ 14 ಸುತ್ತಿನದು. ಆ ಲೆಕ್ಕದಲ್ಲಿ ಅರೆಕಾಲು ಸುತ್ತಿಗೆ ಡೈ ಸುಮಾರು 0.009 ಇಂಚು ಇಳಿಯುತ್ತದೆ. ಲೇತ್ ಕೆಲಸದವರ ಮಾತಿನಲ್ಲಿ ಹೇಳುವುದಾದರೆ ಒಂಬತ್ತು ಥೌ, ಅಂದರೆ ಇಂಚಿನ ಸಾವಿರದ ಒಂಬತ್ತು ಪಾಲು. ಬೋಲ್ಟ್ ಆಕ್ಷನ್ ರೈಫಲ್ಲಿಗೆ ಭುಜವು ಹಿಂದೆ ಸರಿಯಬೇಕಾದುದು ಒಂದೆರಡು ಥೌ ಮಾತ್ರ. ಈ ಅಂತರದ ಪರಿಣಾಮವೇನೆಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲೇ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಸರಳವಾದದ್ದು: ಬಿಗಿತ ಹುಟ್ಟಿದ್ದು ಯಾವ ಹಂತದಲ್ಲಿ? ಸೈಜ್ ಮಾಡಿದ, ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಗುಂಡಿ) ಆಗಲಿ ಮದ್ದಾಗಲಿ ಇಲ್ಲದ ಖಾಲಿ ಕೇಸನ್ನು ಚೇಂಬರಿಗೆ ಹಾಕಿ ಬೋಲ್ಟ್ ಮುಚ್ಚಿ ನೋಡಬೇಕು. ಅದು ಸಲೀಸಾಗಿ ಮುಚ್ಚಿದರೆ ಸೈಜಿಂಗ್ ಡೈಯ ತಪ್ಪಿಲ್ಲ. ತೊಂದರೆ ಗುಂಡು ಕೂರಿಸುವ ಹಂತದಲ್ಲಿ ಸೇರಿಕೊಂಡಿದೆ. ಖಾಲಿ ಕೇಸೂ ಬಿಗಿಯಾದರೆ ಮಾತ್ರ ಡೈಯ ವಿಚಾರ ಬರುತ್ತದೆ. ಈ ಪರೀಕ್ಷೆಗೆ ಮುನ್ನ ಬೋಲ್ಟಿನಿಂದ ಪ್ರೈಮರಿಗೆ ಬಡಿಯುವ ಫೈರಿಂಗ್ ಪಿನ್ನನ್ನೂ ಕೇಸನ್ನು ಹೊರಕ್ಕೆ ಚಿಮ್ಮಿಸುವ ಎಜೆಕ್ಟರನ್ನೂ ಕಳಚಿಟ್ಟರೆ ಸ್ಪ್ರಿಂಗುಗಳ ಒತ್ತಡ ಕೈಗೆ ಗೊಂದಲ ಮಾಡುವುದಿಲ್ಲ. ಹಿಡಿ ತನ್ನ ಭಾರಕ್ಕೇ ಇಳಿಯುತ್ತದೆಯೋ ಇಲ್ಲವೋ ಎಂಬುದು ಸ್ಪಷ್ಟವಾಗುತ್ತದೆ. ಜೀವಂತ ತೋಟಾವನ್ನು ಹಾಕಿ ಹಿಡಿಯನ್ನು ಬಲವಂತವಾಗಿ ಒತ್ತುವುದು ಪರೀಕ್ಷೆಯಲ್ಲ, ಅಪಾಯ.

ನಾನು ಈ ಪರೀಕ್ಷೆ ಮಾಡಿದಾಗ ಒಂದು ಖಾಲಿ ಕೇಸೂ ಬಿಗಿಯಾಗಲಿಲ್ಲ. ಆಮೇಲೆ ಬರಿಯ ಗುಂಡನ್ನು ಕೂರಿಸಿದ, ಪ್ರೈಮರ್ ಮತ್ತು ಮದ್ದಿಲ್ಲದ ಡಮ್ಮಿಗಳನ್ನು ಮಾಡಿ, ಅವುಗಳ ಮೈಗೆಲ್ಲ ಮಾರ್ಕರ್ ಪೆನ್ನಿನ ಕಪ್ಪು ಬಳಿದು ಒಂದೊಂದಾಗಿ ಚೇಂಬರಿಗೆ ಹಾಕಿ ತೆಗೆದೆ. ಬಿಗಿಯಾದವುಗಳಲ್ಲಿ, ಭುಜ ಮತ್ತು ಮೈ ಸೇರುವ ಅಂಚಿನಲ್ಲಿ ಮಾತ್ರ, ಕಪ್ಪು ಸುತ್ತಲೂ ಉಜ್ಜಿಹೋಗಿ ಹಿತ್ತಾಳೆ ಹೊಳೆಯುತ್ತಿತ್ತು. ಮೈಕ್ರೋಮೀಟರ್ ಹಿಡಿದಾಗ ಅಲ್ಲಿ ಎರಡು ಮೂರು ಥೌ ಉಬ್ಬು ಕಂಡಿತು.

ಉಬ್ಬಿಗೆ ಕಾರಣ ಗುಂಡು ಕೂರಿಸುವ ಡೈಯ ಒಳಗಿದ್ದ ಕ್ರಿಂಪ್ ಅಂಚು. ಬಹಳಷ್ಟು ಸೀಟಿಂಗ್ ಡೈಗಳಲ್ಲಿ ಕೇಸಿನ ಬಾಯಿಯನ್ನು ಗುಂಡಿನ ಮೇಲೆ ಮಡಿಸುವ ಇಂಥದೊಂದು ಅಂಚಿರುತ್ತದೆ. ಕ್ರಿಂಪ್ ಬೇಡವಾದವರು ಡೈಯ ಮೈಯನ್ನು ಸ್ವಲ್ಪ ಮೇಲಕ್ಕೆತ್ತಿ, ಗುಂಡನ್ನು ಒತ್ತುವ ನಡುವಿನ ಕಡ್ಡಿಯನ್ನು ಅಷ್ಟೇ ಕೆಳಗಿಳಿಸಿಕೊಳ್ಳಬೇಕು. ನಾನು ಡೈಯನ್ನು ಹೊಂದಿಸಿದ್ದು 2.003 ಇಂಚು ಉದ್ದದ ಒಂದು ಕೇಸನ್ನು ಇಟ್ಟುಕೊಂಡು. ಬಿಗಿಯಾದ ಕೇಸುಗಳ ಉದ್ದವೋ 2.012ರಿಂದ 2.014 ಇಂಚು. .308ರ ಗರಿಷ್ಠ ಉದ್ದ 2.015 ಇಂಚಾಗಿರುವುದರಿಂದ ಅವೆಲ್ಲ ಮಿತಿಯೊಳಗೇ ಇದ್ದವು. ಆದ್ದರಿಂದಲೇ ನಾನು ಅವುಗಳನ್ನು ಕತ್ತರಿಸದೆ ಬಿಟ್ಟಿದ್ದೆ. ಮಿತಿಯೊಳಗಿರುವುದು ಬೇರೆ, ಒಂದೇ ಸಮನಾಗಿರುವುದು ಬೇರೆ. ಉದ್ದದ ಕೇಸಿನ ಬಾಯಿ ಕ್ರಿಂಪ್ ಅಂಚಿಗೆ ಬೇಗ ತಾಗಿ ನಿಂತ ಮೇಲೂ, ಕೇಸನ್ನು ಡೈಯೊಳಕ್ಕೆ ಒತ್ತುವ ಯಂತ್ರವಾದ ಪ್ರೆಸ್ ತಳ್ಳುತ್ತಲೇ ಇರುತ್ತದೆ. ಕತ್ತು ಹೋಗಲು ಜಾಗವಿಲ್ಲದೆ ಭುಜ ಕೆಳಗೆ ಕುಸಿದು ಅಂಚಿನಲ್ಲಿ ಉಬ್ಬುತ್ತದೆ. ಎಲ್ಲ ಕೇಸುಗಳನ್ನೂ 2.005 ಇಂಚಿಗೆ ಕತ್ತರಿಸಿ, ಸೀಟಿಂಗ್ ಡೈಯನ್ನು ಒಂದು ಸುತ್ತು ಎತ್ತಿದ ಮೇಲೆ ಬಿಗಿತ ಪೂರ್ತಿ ಹೋಯಿತು.

ಖಾಲಿ ಕೇಸೇ ಬಿಗಿಯಾಗುವ ಸಂದರ್ಭ ಇನ್ನೂ ಸ್ವಾರಸ್ಯದ್ದು. 70 ಪಾಲು ತಾಮ್ರ, 30 ಪಾಲು ಸತುವಿನ ಈ ಕೇಸಿನ ಹಿತ್ತಾಳೆ, ಗುಂಡು ಹಾರುವಾಗ ಉಬ್ಬಿ ಚೇಂಬರಿನ ಗೋಡೆಗೆ ಅಂಟಿಕೊಂಡು, ಅನಿಲ ಹಿಂದಕ್ಕೆ ನುಗ್ಗದಂತೆ ತಡೆದು, ಒತ್ತಡ ಇಳಿದೊಡನೆ ತುಸು ಕುಗ್ಗುತ್ತದೆ. ಸೈಜಿಂಗ್ ಡೈ ಮೊದಲು ಹಿಂಡುವುದು ಮೈಯನ್ನು. ಹಿಂಡಿಸಿಕೊಂಡ ಲೋಹ ಮುಂದಕ್ಕೆ ಹರಿದು ಭುಜವನ್ನು ಮೇಲಕ್ಕೆ ತಳ್ಳುತ್ತದೆ. ಡೈಯ ಭುಜ ಕೇಸಿನ ಭುಜವನ್ನು ಮುಟ್ಟುವ ಮೊದಲೇ ಪ್ರೆಸ್ಸಿನ ಹಿಡಿ ನಿಂತುಬಿಟ್ಟರೆ, ಸೈಜ್ ಮಾಡಿದ ಕೇಸು ಸೈಜ್ ಮಾಡುವುದಕ್ಕಿಂತ ಮೊದಲಿದ್ದುದಕ್ಕಿಂತ ಉದ್ದವಾಗಿರುತ್ತದೆ. ಹಾರಿಸಿದೊಡನೆ ಸಲೀಸಾಗಿ ಹೊರಬಂದ ಕೇಸು ಸೈಜ್ ಮಾಡಿದ ಮೇಲೆ ಒಳಹೋಗದಿರುವ ವಿಚಿತ್ರಕ್ಕೆ ಇದೇ ಕಾರಣ. ಹಲವು ಸಲ ಬಳಸಿ ಗಡುಸಾದ ಹಿತ್ತಾಳೆ ಡೈಯಿಂದ ಬಿಟ್ಟೊಡನೆ ಹೆಚ್ಚು ಹಿಂದಕ್ಕೆ ಚಿಮ್ಮುವುದರಿಂದ, ಒಂದೇ ಹೊಂದಾಣಿಕೆಯಲ್ಲಿ ಹೊಸ ಕೇಸು ಸರಿಯಾಗಿ, ಹಳೆಯದು ಬಿಗಿಯಾಗಿ ಬರುವುದುಂಟು. ಕತ್ತು ಮತ್ತು ಭುಜವನ್ನು ಕಾಯಿಸಿ ಮೆದುಗೊಳಿಸಿದರೆ ಈ ವ್ಯತ್ಯಾಸ ತಗ್ಗುತ್ತದೆ, ಆದರೆ ಬುಡಕ್ಕೆ ಬಿಸಿ ತಾಗಲೇಬಾರದು. ಕತ್ತಿನ ಒಳಗೆ ಎಣ್ಣೆಯ ಸವರು ಇಲ್ಲದಿದ್ದರೆ, ಡೈಯ ನಡುವಿನ ಕಡ್ಡಿಯ ಮೇಲಿದ್ದು ಕತ್ತನ್ನು ಒಳಗಿನಿಂದ ಅಗಲಿಸುತ್ತ ಹೊರಬರುವ ಎಕ್ಸ್‌ಪ್ಯಾಂಡರ್ ಗುಂಡಿಯೂ ಭುಜವನ್ನು ಮುಂದಕ್ಕೆ ಎಳೆದುಬಿಡುತ್ತದೆ. ಡೈಯಿಂದ ಕಡ್ಡಿಯನ್ನು ತೆಗೆದು ಒಂದು ಕೇಸನ್ನು ಸೈಜ್ ಮಾಡಿ ಹೋಲಿಸಿದರೆ ಇದು ಗೊತ್ತಾಗುತ್ತದೆ.

ಉಳಿದ ಕಾರಣಗಳನ್ನೂ ಮಾರ್ಕರಿನ ಗುರುತೇ ತೋರಿಸುತ್ತದೆ. ಬುಡದ ಸ್ವಲ್ಪ ಮೇಲೆ ಉಜ್ಜಿದ್ದರೆ, ಆ ಕೇಸು ಬಹುಶಃ ಅಗಲವಾದ ಚೇಂಬರಿನ ಬೇರೊಂದು ರೈಫಲ್ಲಿನಲ್ಲಿ ಹಾರಿದ್ದು. ಅದಕ್ಕೆ ಬುಡದ ಭಾಗವನ್ನು ಇನ್ನಷ್ಟು ಹಿಂಡುವ ಸ್ಮಾಲ್ ಬೇಸ್ ಡೈ ಬೇಕು. ಗುಂಡಿನ ಮೇಲೆಯೇ ಗೀರುಗಳಿದ್ದರೆ ಅದು ರೈಫ್ಲಿಂಗಿಗೆ, ಅಂದರೆ ನಳಿಗೆಯ ಒಳಗೋಡೆಯ ಸುರುಳಿ ಏಣುಗಳಿಗೆ, ತಾಗುವಷ್ಟು ಹೊರಗೆ ಕೂತಿದೆ. ಕತ್ತಿನ ಮೇಲೆ ಸುತ್ತಲೂ ಗುರುತಿದ್ದರೆ ಅಥವಾ ಕೇಸಿನ ಬಾಯಿ ಒಳಕ್ಕೆ ಮಡಿದಿದ್ದರೆ ಅಲ್ಲಿಗೆ ಕೆಲಸ ನಿಲ್ಲಿಸಬೇಕು. ದಪ್ಪನೆಯ ಅಥವಾ ಮಿತಿಮೀರಿ ಉದ್ದವಾದ ಕತ್ತು ಗುಂಡನ್ನು ಬಿಡದೆ ಹಿಡಿದುಕೊಂಡರೆ ಒತ್ತಡ ಅಪಾಯಕರವಾಗಿ ಏರುತ್ತದೆ.

ಇನ್ನು ಆ ಅರೆಕಾಲು ಸುತ್ತಿನ ವಿಷಯ. ಬಿಗಿತದ ನಿಜವಾದ ಕಾರಣ ಸಿಕ್ಕ ಸಂತೋಷದಲ್ಲಿ ಸೀಟಿಂಗ್ ಡೈಯನ್ನು ಸರಿಪಡಿಸಿದೆನೇ ಹೊರತು, ತಪ್ಪಾಗಿ ಇಳಿಸಿದ್ದ ಸೈಜಿಂಗ್ ಡೈಯನ್ನು ಮೇಲೆತ್ತಲಿಲ್ಲ. ಬೋಲ್ಟ್ ಬೆಣ್ಣೆಯಂತೆ ಮುಚ್ಚುತ್ತಿದ್ದಾಗ ಅಳೆದು ನೋಡಬೇಕೆಂದು ಯಾರಿಗೆ ತೋಚುತ್ತದೆ? ಪ್ರತಿಸಲವೂ ಭುಜ ಎಂಟು ಥೌ ಹಿಂದಕ್ಕೆ ಹೋಗುತ್ತಿತ್ತು, ಪ್ರತಿಸಲ ಹಾರಿಸಿದಾಗಲೂ ಕೇಸು ಅಷ್ಟೇ ಹಿಗ್ಗಿ, ಬುಡದ ಮೇಲಿನ ಗೋಡೆ ತೆಳುವಾಗುತ್ತ ಬಂದಿತ್ತು. ಮೂರನೆಯ ಸಲದ ನಂತರ ಒಂದು ಕೇಸಿನ ಬುಡದ ಹತ್ತಿರ ಸುತ್ತಲೂ ಹೊಳೆಯುವ ಬಿಳಿ ಗೆರೆ ಕಣ್ಣಿಗೆ ಬಿತ್ತು. ಪೇಪರ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ತುದಿಯನ್ನು ಕೊಕ್ಕೆಯಂತೆ ಬಾಗಿಸಿ ಒಳಗೋಡೆಯ ಮೇಲೆ ಎಳೆದಾಗ ಅದೇ ಜಾಗದಲ್ಲಿ ತಂತಿ ಒಂದು ತಗ್ಗಿಗೆ ಸಿಕ್ಕಿ ನಿಂತಿತು. ಅದೇ ಹೊಂದಾಣಿಕೆಯಲ್ಲಿ ಬಳಸಿದ್ದ ಇತರ ಕೇಸುಗಳಲ್ಲಿ ಇನ್ನೂ ಎಂಟರಲ್ಲಿ ತಂತಿ ಹೀಗೆಯೇ ನಿಂತಿತು. ಉಳಿದವುಗಳಲ್ಲಿ ಏನೂ ತಗಲಲಿಲ್ಲವಾದರೂ, ಎಲ್ಲದರ ಬಾಯನ್ನೂ ಇಕ್ಕಳದಿಂದ ಜಜ್ಜಿ ಗುಜರಿ ಡಬ್ಬಕ್ಕೆ ಹಾಕಿದೆ.