ಬಿಷಪ್ಪರ ಅರಮನೆಯಲ್ಲಿ ಕೆಂಪು ಸೋಫಾ

ಫ್ರಾನ್ಸಿನ ತುಲೂಸಿನಿಂದ ಆಲ್ಬಿ ಊರಿಗೆ ರೈಲಿನಲ್ಲಿ ಒಂದು ಗಂಟೆ. ತುಮಕೂರಿನಿಂದ ಬಂದಿರುವ ಅಮ್ಮನಿಗೆ "ಅರಮನೆ ತೋರಿಸ್ತೀನಿ ಬಾ" ಅಂತ ಕರೆದುಕೊಂಡು ಹೋದೆ. ಅವರ ತಲೆಯಲ್ಲಿದ್ದದ್ದು ಮೈಸೂರು ಅರಮನೆ. ಎದುರಿಗೆ ಬಂದದ್ದು ತಾರ್ನ್ ನದಿಯ ದಡದಲ್ಲಿ ಮೊಂಡಾಗಿ ನಿಂತ ಕೆಂಪು ಇಟ್ಟಿಗೆಯ ಗೋಡೆ.

"ಇದೇನೋ, ಜೈಲಿದ್ದ ಹಾಗಿದೆ!"

ಅಮ್ಮ ಅಂದದ್ದರಲ್ಲಿ ತಪ್ಪಿಲ್ಲ. ಪಲೇ ದ ಲಾ ಬೆರ್ಬಿ ಎಂಬ ಈ ಅರಮನೆ ರಾಜರದ್ದಲ್ಲ, ಬಿಷಪ್ಪರದ್ದು. 13ನೇ ಶತಮಾನದ್ದು. ಚರ್ಚಿನ ಮಾತು ಒಪ್ಪದ ಕ್ಯಾಥರ್ ಪಂಥದವರನ್ನು ಬಗ್ಗುಬಡಿದ ಮೇಲೂ ಬಿಷಪ್ಪರಿಗೆ ಊರವರ ಮೇಲೆ ನಂಬಿಕೆ ಬರಲಿಲ್ಲ. ಬರ್ನಾರ್ ದ ಕಸ್ತಾನೆ ಎಂಬ ಬಿಷಪ್ ಊರವರನ್ನು ಧರ್ಮದ್ರೋಹದ ವಿಚಾರಣೆಗೆ ಎಳೆದರು, ಇದ್ದ ಮನೆಯನ್ನು ಕೋಟೆ ಮಾಡಿಕೊಂಡರು. ಪಕ್ಕದ ಸಾಂತ್ ಸೆಸಿಲ್ ಕೆಥೆಡ್ರಲ್ ಕೆಲಸ 1282ರಲ್ಲಿ ಶುರುವಾದದ್ದೂ ಅವರ ಕಾಲದಲ್ಲೇ.

1922ರಿಂದ ಈ ಅರಮನೆಯಲ್ಲಿರುವುದು ತುಲೂಸ್-ಲೊತ್ರೆಕ್ ಮ್ಯೂಸಿಯಂ. ಪ್ಯಾರಿಸ್ಸಿನ ಮೂಲಾನ್ ರೂಜ್ ಎಂಬ ಕುಣಿತದ ಮನೆಯವರ ಪೋಸ್ಟರ್ ಬರೆದ ಚಿತ್ರಕಾರ ತುಲೂಸ್-ಲೊತ್ರೆಕ್ ಇದೇ ಊರಲ್ಲಿ 1864ರಲ್ಲಿ ಹುಟ್ಟಿದ. ಅವನು ಹೋದ ಮೇಲೆ ಅವನ ತಾಯಿ, ಉಳಿದಿದ್ದ ಚಿತ್ರಗಳನ್ನೆಲ್ಲ ಊರಿಗೇ ಕೊಟ್ಟರು. ಹುಡುಗನಾಗಿದ್ದಾಗ ಎರಡೂ ತೊಡೆಮೂಳೆ ಮುರಿದು, ಆಮೇಲೆ ಕಾಲು ಬೆಳೆಯಲೇ ಇಲ್ಲ. ಅವನ ಅಪ್ಪ ಅಮ್ಮ ಹತ್ತಿರದ ಸಂಬಂಧಿಕರು, ಅಜ್ಜಿಯರಿಬ್ಬರೂ ಅಕ್ಕತಂಗಿಯರು, ಅದಕ್ಕೇ ಹೀಗಾಗಿರಬೇಕು ಅಂದೆ. ಅಮ್ಮ ಅಲ್ಲೇ ನಿಂತುಬಿಟ್ಟರು.

"ಅಕ್ಕತಂಗಿ ಮಕ್ಕಳು ಮದುವೆ ಆಗೋದಾ? ಅಣ್ಣ ತಂಗಿ ಆಗ್ಬೇಕಲ್ಲೋ! ಸೋದರತ್ತೆ ಮಗ ಆಗಿದ್ರೆ ಸರಿ."

ವೈದ್ಯರಿಗೆ ಎರಡೂ ಒಂದೇ ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ. ನಮ್ಮ ಮನೆಯಲ್ಲೇ ಮೂರು ಅಂಥ ಮದುವೆಗಳಿವೆ.

ನಾನು ಹೆದರುತ್ತಿದ್ದದ್ದು ಇನ್ನೊಂದು ಚಿತ್ರಕ್ಕೆ. 1894ರದ್ದು, ಪ್ಯಾರಿಸ್ಸಿನ ಮೂಲಾನ್ ಬೀದಿಯ ಒಂದು ವೇಶ್ಯಾಗೃಹದ ಹಜಾರ. ಕೆಂಪು ಸೋಫಾಗಳ ಮೇಲೆ ಹೆಂಗಸರು ಗಿರಾಕಿಗೆ ಕಾಯುತ್ತಾ ಕೂತಿದ್ದಾರೆ. ಮುಂದಿನವಳು ಒಂದು ಕಾಲು ಮಡಚಿಕೊಂಡಿದ್ದಾಳೆ. ಕತ್ತಿನವರೆಗೂ ಮುಚ್ಚಿದ ಉಡುಪಿನ ಯಜಮಾನಿ ಮಾತ್ರ ನೆಟ್ಟಗೆ. ಯಾರೂ ಯಾರನ್ನೂ ನೋಡುತ್ತಿಲ್ಲ. ಜನರನ್ನು ವಿಚಾರಣೆಗೆ ಎಳೆದ ಬಿಷಪ್ಪರ ಮನೆಯಲ್ಲಿ ಈಗ ಇವರು ಆರಾಮಾಗಿ ಕೂತಿರುವುದು ನೋಡಿ ನನಗಂತೂ ಖುಷಿಯಾಯಿತು.

ಅಮ್ಮ ಚಿತ್ರದ ಮುಂದೆ ಜಾಸ್ತಿ ಹೊತ್ತು ನಿಂತರು. "ಪಾಪ, ಯಾರಿಗೂ ಸರಿಯಾಗಿ ನಿದ್ದೆ ಇಲ್ಲ."

"ಇದು ಹೋಟೆಲ್, ಅಮ್ಮ, ಸುಮ್ನೆ ಕೂತಿದ್ದಾರೆ" ಅಂದೆ.

"ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?" ಅಂದರು, ಕಣ್ಣು ಚಿತ್ರದ ಮೇಲೇ ಇತ್ತು.