ಮೇಕೆಗೆ ಬೇಲಿ, ನಾಯಿಗೆ ಹಗ್ಗ

ಬಾಣಾವರದ ಹತ್ತಿರವಿರುವ ನಮ್ಮ ತೋಟಕ್ಕೆ ಮೇಕೆ ನೋಡಲು ಬಂದವರು ಮೊದಲು ಕೇಳುವುದು ಬೇಲಿಯ ಎತ್ತರವನ್ನು. ಐದು ಅಡಿ. ಯಾರೂ ಬುಡವನ್ನು ನೋಡುವುದಿಲ್ಲ, ಮೇಕೆ ನೋಡುವುದು ಮಾತ್ರ ಅದನ್ನೇ. ಜೋರು ಮಳೆಗೆ ಕೆಂಪು ಮಣ್ಣು ಕೊಚ್ಚಿ, ಜಾಲರಿಯಡಿ ಗೇಣುದ್ದದ ಸಂದು ಬಿದ್ದರೆ ಮರಿ ಹೊರಗೆ, ತಾಯಿ ಒಳಗೆ, ಊರಿಗೆಲ್ಲ ಕೇಳುವಂತೆ ಅರಚಾಟ. ಆದ್ದರಿಂದ ಜಾಲರಿಯ ಅಂಚನ್ನು ಅರ್ಧ ಅಡಿ ಹೂಳಿಸಿ ಮೇಲೆ ಕಲ್ಲು ಜೋಡಿಸಿದ್ದೇನೆ.

ಮುಳ್ಳುತಂತಿ ಹಸುವಿಗೆ ಸಾಕು. ಮೇಕೆ ಎರಡು ಎಳೆಗಳ ನಡುವೆ ನುಗ್ಗಿ ಕೆಚ್ಚಲು ಗೀರಿಕೊಳ್ಳುತ್ತದೆ. ಜಾಲರಿಯ ಕಣ್ಣು ಎರಡು ಮೂರು ಅಂಗುಲವಿರಲಿ. ದೊಡ್ಡದಾದರೆ ಕೊಂಬಿನ ತಲೆ ಹೋಗುತ್ತದೆ, ಹಿಂದೆ ಬರುವುದಿಲ್ಲ. ಮೂಲೆಯ ಕಲ್ಲುಕಂಬಕ್ಕೆ ಆನಿಸುವ ಓರೆಗಲ್ಲನ್ನು ಒಳಬದಿಗೆ ಕೊಟ್ಟಿರೋ, ಹೋತಕ್ಕೆ ಏಣಿ ಕಟ್ಟಿಕೊಟ್ಟಂತೆ. ಬೇಲಿಸಾಲಿನ ಲಂಟಾನ ಎಂಬ ವಿಷದ ಪೊದೆಯನ್ನೂ ಕೀಳಿಸಿ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ಗಾದೆ ಅದರ ಯಕೃತ್ತನ್ನು ಕಾಪಾಡುವುದಿಲ್ಲ.

ಚಿರತೆಗೆ ಈ ಬೇಲಿ ಲೆಕ್ಕವಲ್ಲ. ಅರಸೀಕೆರೆಯ ಗುಡ್ಡಗಳಲ್ಲಿ ಅದು ಇರುವಷ್ಟು ಕಾಲ ರಾತ್ರಿ ಮೇಕೆಗಳು ಮೇಲೂ ಭದ್ರವಾಗಿ ಮುಚ್ಚಿದ ಕೊಟ್ಟಿಗೆಯಲ್ಲಿರಬೇಕು, ನಾಯಿಯೂ ಒಳಗೇ ಇರಬೇಕು. ಚಿರತೆಗೆ ನಾಯಿಯೂ ಬೇಟೆಯೇ. ನಾನು ನಮ್ಮ ನಾಯಿ ಕೆಂಚನನ್ನು ಸಾಕಿರುವುದು ಹಗಲಿನಲ್ಲಿ ಗುಂಪಾಗಿ ನುಗ್ಗುವ ಬೀದಿನಾಯಿಗಳನ್ನು ತಡೆಯಲು.

ಮುಧೋಳ ತಳಿ ತರೋಣ ಎಂದು ತಮ್ಮ ಹಟ ಹಿಡಿದಿದ್ದ. ಓಡುವುದನ್ನು ಕಂಡರೆ ಅಟ್ಟುವ ಬೇಟೆನಾಯಿ ಅದು. ಓಡುವುದೇ ನಮ್ಮ ಮರಿಗಳ ಕೆಲಸ. ಹಾಗಾಗಿ ಊರನಾಯಿಯ ಎರಡು ತಿಂಗಳ ಮರಿ ಕೆಂಚನನ್ನು ತಂದು, ಕೊಟ್ಟಿಗೆಯಲ್ಲೇ ಜಾಲರಿಯ ಆಚೆ ಮಲಗಿಸಿದೆ. ಮೇಕೆಯ ವಾಸನೆ ಅವನಿಗೆ ಬೇಸರ ತರಿಸುವಷ್ಟು ಹಳೆಯದಾಗಬೇಕಿತ್ತು. ಮಂದೆಯ ನಡುವೆ ಉದ್ದ ಹಗ್ಗ ಕಟ್ಟಿಯೇ ಓಡಾಡಿಸಿದೆ. ಮೇಕೆಮರಿ ನೆಗೆದಾಗ ಅವನು ನನ್ನ ಕಡೆ ತಿರುಗಿದರೆ ಮುದ್ದೆಯ ತುಂಡು. ಅಟ್ಟಲು ಹೊರಟರೆ ಹಗ್ಗ ಹಿಡಿದು ಸುಮ್ಮನೆ ಆಚೆಗೆ ಕರೆದೊಯ್ಯುವುದು. ಹೊಡೆದರೆ ನಾಯಿಗೆ ಮೇಕೆಯ ಮೇಲೆ ಸಿಟ್ಟು ಬರುತ್ತದೆಯೇ ಹೊರತು ಬುದ್ಧಿ ಬರುವುದಿಲ್ಲ. ಉಳಿದ ಪಾಠವನ್ನು ನಮ್ಮ ಮುದಿ ಮೇಕೆ ಕೊಂಬಿನಿಂದ ಕಲಿಸಿತು, ನನಗಿಂತ ಚುರುಕಾಗಿ.

ಆದರೂ ವರ್ಷ ಒಂದೂವರೆ ತುಂಬುವವರೆಗೆ ಅವನನ್ನು ಮರಿಗಳೊಂದಿಗೆ ಒಂಟಿಯಾಗಿ ಬಿಡಲಿಲ್ಲ. ಆ ವಯಸ್ಸಿನ ನಾಯಿಗೆ ಮರಿಯ ಕಿವಿ ಜಗಿಯುವುದೂ ಆಟವೇ.

“ಅಕ್ಕ, ನಾಯಿಗೆ ಹಸಿ ತಲೆಮಾಂಸ ಹಾಕಬೇಡಿ” ಎಂದು ಕುರಿ ಹೊಡೆದುಕೊಂಡು ಬಂದವರೊಬ್ಬರು ಹೇಳಿದ್ದರು. ಸರಿಯಾದ ಮಾತು. ರೋಗದ ಕುರಿ, ಮೇಕೆಯ ಮಿದುಳಿನಲ್ಲಿರುವ ಹುಳುವಿನ ನೀರುಗುಳ್ಳೆ ತಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳು ಬೆಳೆದು, ಮಲದ ಮೂಲಕ ಅದರ ಮೊಟ್ಟೆ ಹುಲ್ಲಿಗೆ ಬಿದ್ದು, ಮೇಯುವ ಮೇಕೆಗೆ ತಲೆಸುತ್ತು ರೋಗ ಬರುತ್ತದೆ. ಹಾಗಾಗಿ ಮೇಕೆಗಳಿಗೆ ಜಂತುಹುಳುವಿನ ಔಷಧ ಕುಡಿಸುವ ದಿನವೇ ಕೆಂಚನಿಗೂ ಮಾತ್ರೆ. ಅದನ್ನು ಅವನು ಮುದ್ದೆಯೊಳಗಿಂದ ಹುಡುಕಿ ಉಗುಳುತ್ತಾನೆ.